ಅರಸರ ಹಾಸಿಗೆಯಲ್ಲಿ ನಾಯಿಗಳು

ಸಾಕಿದ ನಾಯಿಯನ್ನು ತನ್ನ ಹಾಸಿಗೆಯ ಮೇಲೆ ಮಲಗಿಸಿಕೊಳ್ಳುವವನನ್ನು ಕಂಡರೆ ನಮ್ಮಲ್ಲಿ ಹಲವರು ಇಂದಿಗೂ ಮುಖ ಸಿಂಡರಿಸುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ನಾಯಿಗೆ ಗೊತ್ತಾಗಿದ್ದ ಜಾಗ ಜಗಲಿ. ತಪ್ಪಿದರೆ ಹಿತ್ತಿಲು, ಕಣ, ಕೊಟ್ಟಿಗೆಯ ಬಾಗಿಲು. ಹೊಸ್ತಿಲು ದಾಟಿ ನಡುಮನೆಗೆ ಬಂದರೆ ಗದರಿಸಿ ಅಟ್ಟುತ್ತಿದ್ದರು. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದ ಮಾತು ನಮ್ಮ ಗಾದೆಯಲ್ಲಿ ಬರುತ್ತದೆ, ನಿಜ. ಆದರೆ ಹಾಗೆ ಕೂರಿಸಬಾರದೆಂದು ಹೇಳುವುದಕ್ಕೇ ಬರುತ್ತದೆ. ಈ ಹಿಂಜರಿಕೆಗೆಲ್ಲ ಮಡಿ ಮೈಲಿಗೆಯೊಂದೇ ಕಾರಣವೆಂದು ತಿಳಿಯಬೇಕಾಗಿಲ್ಲ. ಹುಚ್ಚುನಾಯಿಯ ಭಯವೂ ಅದರ ಹಿಂದೆ ಇದೆ. ಲೂಯಿ ಪಾಶ್ಚರ್ ತನ್ನ ಚುಚ್ಚುಮದ್ದನ್ನು ಮೊದಲ ಸಲ ಮನುಷ್ಯನ ಮೇಲೆ ಪ್ರಯೋಗಿಸಿದ್ದು 1885ರಲ್ಲಿ. ದಕ್ಷಿಣದವರಿಗೆ ಹತ್ತಿರವಾದ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆದದ್ದು 1907ರಲ್ಲಿ. ಅದಕ್ಕೆ ಮುಂಚೆ, ರೋಗ ಹಿಡಿದ ನಾಯಿ ಕಚ್ಚಿತೆಂದರೆ ಹರಕೆ, ನಾಟಿಮದ್ದುಗಳ ಹೊರತು ಬೇರೆ ದಾರಿಯಿರಲಿಲ್ಲ. ಅಂಥ ಪ್ರಾಣಿಯನ್ನು ಕೈಯಳತೆಯಾಚೆಗೆ ಇರಿಸಿದ ಹಿರಿಯರನ್ನು ಹಳಿಯುವುದು ನ್ಯಾಯವಲ್ಲ.

ಇಷ್ಟಾದರೂ, ಲೋಕದ ಚರಿತ್ರೆಯನ್ನು ತೆರೆದು ನೋಡಿದರೆ ಸಿಂಹಾಸನದ ಮೇಲೆ ಕುಳಿತವರೇ ನಾಯಿಯನ್ನು ತಮ್ಮ ಶಯನಾಗಾರಕ್ಕೆ ಕರೆದೊಯ್ದು ಪಕ್ಕದಲ್ಲಿ ಮಲಗಿಸಿಕೊಂಡ ನಿದರ್ಶನಗಳು ಬೇಕಾದಷ್ಟು ಸಿಕ್ಕುತ್ತವೆ. ಇದನ್ನು ಅರಸರ ಹುಚ್ಚಾಟವೆಂದು ನಕ್ಕು ಬಿಡಬಹುದು. ಆದರೆ ಚರಿತ್ರಕಾರರು ಕೋಟೆ ಕೊತ್ತಲಗಳ, ಕಪ್ಪಕಾಣಿಕೆಗಳ ಲೆಕ್ಕವನ್ನು ಬರೆದಿಟ್ಟಷ್ಟು ಅಕ್ಕರೆಯಿಂದ, ಮನುಷ್ಯ ರಾತ್ರಿಯ ಹೊತ್ತು ಎಲ್ಲಿ ಮಲಗಿದ, ಯಾರ ಪಕ್ಕದಲ್ಲಿ ಮಲಗಿದ, ಯಾರನ್ನು ದೂರ ಮಲಗಿಸಿದ ಎಂಬುದನ್ನು ಬರೆದಿಟ್ಟಿಲ್ಲ. ನಾಯಿ ಮಲಗಿದ ಜಾಗವನ್ನು ಹುಡುಕುತ್ತ ಹೋದವರಿಗೆ ಮಿಕ್ಕವರು ಮಲಗಿದ ಜಾಗವೂ ಕಣ್ಣಿಗೆ ಬೀಳುತ್ತದೆ. ಆ ಕಾರಣಕ್ಕಾಗಿಯೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲಿಗೆ ತೀರ ಹಳೆಯ ಸಂಗತಿಯೊಂದನ್ನು ಹೇಳಬೇಕು. ಇಸ್ರೇಲಿನ ಉತ್ತರ ಭಾಗದಲ್ಲಿ ಐನ್ ಮಲ್ಲಾಹ ಎಂಬ ನೆಲೆಯಿದೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಪ್ರಾಕ್ತನ ಶೋಧಕರು ಅಲ್ಲಿ ಅಗೆದಾಗ, ಸುಮಾರು 12,000 ವರ್ಷ ಹಿಂದಿನ ಒಂದು ಗೋರಿ ಕಾಣಿಸಿತು. ಅದರಲ್ಲಿ ವಯಸ್ಸಾದ ಒಬ್ಬ ವ್ಯಕ್ತಿಯ ಅಸ್ಥಿಪಂಜರ ಪಕ್ಕಕ್ಕೆ ಮಗ್ಗುಲಾಗಿ ಮಲಗಿತ್ತು. ಒಂದು ಕೈ, ನಾಲ್ಕೈದು ತಿಂಗಳ ನಾಯಿಮರಿಯೊಂದರ ಮೈಮೇಲೆ ಇತ್ತು. ಆ ವ್ಯಕ್ತಿ ಯಾರು, ಮರಿ ತಾನಾಗಿ ಸತ್ತಿತೋ ಒಡೆಯನ ಜೊತೆಗೆಂದು ಕೊಂದು ಹೂಳಿದರೋ, ಬಲ್ಲವರಿಲ್ಲ. ಹೂಳಿದವರು ಮಾತ್ರ, ಬದುಕಿದ್ದಾಗ ಇಬ್ಬರೂ ಹೇಗೆ ಮಲಗುತ್ತಿದ್ದರೋ ಹಾಗೆಯೇ ಮಲಗಿಸಿದರೆಂದು ನೋಡಿದವರಿಗೆ ಅನ್ನಿಸದಿರದು.

ಆ ಕಾಲದ ಜನಕ್ಕೆ ಮಂಚವಿರಲಿಲ್ಲ. ಎಲ್ಲರೂ ನೆಲದ ಮೇಲೆ ಮಲಗುವವರು. ಚಳಿ ಎಲ್ಲರಿಗೂ ಒಂದೇ. ನಾಯಿಯ ಮೈಯ ಬಿಸುಪು ಮನುಷ್ಯನಿಗೂ, ಮನುಷ್ಯನದು ನಾಯಿಗೂ ಬೇಕಾದದ್ದೇ. ಆಸ್ಟ್ರೇಲಿಯದ ಮೂಲನಿವಾಸಿಗಳು ಮರುಭೂಮಿಯ ಚಳಿರಾತ್ರಿಗಳಲ್ಲಿ ಡಿಂಗೊ ನಾಯಿಗಳನ್ನು ತಬ್ಬಿ ಮಲಗುತ್ತಿದ್ದುದನ್ನು ಅಲ್ಲಿಗೆ ಹೋದ ಯುರೋಪಿಯನ್ನರು ಅಚ್ಚರಿಪಟ್ಟು ಬರೆದಿದ್ದಾರೆ. ಅಚ್ಚರಿ ಬರೆದವರದು, ಮಲಗಿದವರಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಾರದು. ನಾಯಿಯನ್ನು ಹಾಸಿಗೆಗೆ ಹತ್ತಿಸಬಹುದೇ ಎಂಬ ಪ್ರಶ್ನೆ ಹುಟ್ಟಬೇಕಾದರೆ ಹಾಸಿಗೆಗೆ ಒಂದು ಎತ್ತರ ಬಂದಿರಬೇಕು. ಮಂಚ ನೆಲದಿಂದ ಎರಡು ಮೊಳ ಮೇಲೆದ್ದ ದಿನವೇ ಈ ಪ್ರಶ್ನೆಯೂ ಎದ್ದಿತೆನ್ನಬೇಕು.

ರೋಮ್ ನಗರದಲ್ಲಿ ಕ್ರಿಸ್ತಶಕದ ಮೊದಲನೆಯ ಶತಮಾನದ ಹೊತ್ತಿಗೆ ಅದು ಎದ್ದಾಗಿತ್ತು. ಮಾರ್ಷಿಯಲ್ ಎಂಬ ಕುಚೋದ್ಯದ ಕವಿ, ತನ್ನ ಪರಿಚಿತ ಪಬ್ಲಿಯಸ್ ಎಂಬಾತ ಸಾಕಿದ್ದ ಈಸಾ ಎಂಬ ಪುಟ್ಟ ಹೆಣ್ಣುನಾಯಿಯ ಮೇಲೆ ಪದ್ಯವೊಂದನ್ನು ಬರೆದಿದ್ದಾನೆ. ಒಡೆಯನ ಕೊರಳಿಗೆ ಒರಗಿ ಉಸಿರೂ ಕೇಳಿಸದಂತೆ ಅದು ನಿದ್ದೆ ಮಾಡುತ್ತಿತ್ತಂತೆ. ರಾತ್ರಿ ಹೊರಗೆ ಹೋಗಬೇಕಾದರೆ ಹೊದಿಕೆಯನ್ನು ಕೆಡಿಸದೆ, ಮುಂಗಾಲಿನಿಂದ ಮೆಲ್ಲಗೆ ತಟ್ಟಿ ಒಡೆಯನನ್ನು ಎಬ್ಬಿಸಿ ಮಂಚದಿಂದ ಇಳಿಸೆಂದು ಕೇಳುತ್ತಿತ್ತಂತೆ. ಸತ್ತ ಮೇಲೂ ಅದು ಕಣ್ಣೆದುರಿಗೆ ಇರಲೆಂದು ಪಬ್ಲಿಯಸ್ ಅದರ ಚಿತ್ರ ಬರೆಸಿದನೆಂದು ಪದ್ಯ ಮುಗಿಯುತ್ತದೆ. ಮಾರ್ಷಿಯಲ್ ಹೊಗಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ಪಂಡಿತರು ವಾದಿಸುತ್ತಾರೆ. ಎರಡೂ ಇರಬಹುದು. ನಾಯಿ ಸಾಕಿದವರನ್ನು ನಾವೂ ಹಾಗೆಯೇ ಅಲ್ಲವೇ ನೋಡುವುದು?

ಯುರೋಪಿನ ಮಧ್ಯಯುಗಕ್ಕೆ ಬಂದರೆ ಚಿತ್ರ ಇನ್ನೊಂದು ರೀತಿಯಾಗಿ ತಿರುಗುತ್ತದೆ. ಆಗ ದೊರೆಗಳ ಮಂಚಕ್ಕೆ ನಾಲ್ಕು ಕಡೆಯೂ ಪರದೆ. ಊಳಿಗದವನಿಗೆ ಅದೇ ಕೋಣೆಯಲ್ಲಿ ಮಂಚದ ಕಾಲ್ದೆಸೆಗೆ ಹುಲ್ಲಿನ ಚಾಪೆ. ಬೇಟೆಯ ನಾಯಿಗಳಿಗಾದರೋ ಪ್ರತ್ಯೇಕ ಮನೆ. ಇಂಗ್ಲೆಂಡಿನ ರಾಜವಂಶಕ್ಕೆ ಸೇರಿದ ಯಾರ್ಕಿನ ಡ್ಯೂಕ್ ಎಡ್ವರ್ಡ್ ಎಂಬವನು 1406 ಮತ್ತು 1413ರ ನಡುವೆ 'ದಿ ಮಾಸ್ಟರ್ ಆಫ್ ಗೇಮ್' ಎಂಬ ಬೇಟೆಯ ಗ್ರಂಥವನ್ನು ರಚಿಸಿದ. ಬಹುಪಾಲು ಅದು ಫ್ರಾನ್ಸಿನ ಗ್ಯಾಸ್ಟನ್ ಫೀಬಸ್ ಎಂಬ ಸಾಮಂತ 1387ರಲ್ಲಿ ಬರೆಯಲು ತೊಡಗಿದ ಗ್ರಂಥದ ಭಾಷಾಂತರ. ನಾಯಿಮನೆಯನ್ನು ದಿನವೂ ಗುಡಿಸಬೇಕು, ಒಣಹುಲ್ಲು ಹಾಸಬೇಕು, ತೊಯ್ದು ಬಂದ ನಾಯಿಗಳು ಮೈ ಕಾಯಿಸಿಕೊಳ್ಳಲು ಬೆಂಕಿಗೂಡು ಇರಬೇಕು ಎಂದೆಲ್ಲ ಅದರಲ್ಲಿ ಹೇಳಿದೆ. ಇನ್ನೊಂದು ವಿಧಿಯೂ ಇದೆ: ನಾಯಿಗಳು ಕಚ್ಚಾಡದಂತೆ ನೋಡಿಕೊಳ್ಳಲು ಒಬ್ಬ ಹುಡುಗ ರಾತ್ರಿಯೂ ಅವುಗಳ ಜೊತೆಯಲ್ಲೇ ಇರಬೇಕು. ಹುಡುಗನಿಗೆ ಸಿಕ್ಕಿದ್ದೂ ಅದೇ ಹುಲ್ಲೆಂದು ಊಹಿಸಿದರೆ ತಪ್ಪಾಗಲಾರದು. ನಾಯಿ ಮನುಷ್ಯನ ಹಾಸಿಗೆಗೆ ಏರಿದ ಕಥೆಯನ್ನು ಹೇಳುವವರೆಲ್ಲ ಮನುಷ್ಯನ ಮಗು ನಾಯಿಯ ಹಾಸಿಗೆಗೆ ಇಳಿದ ಈ ಕಥೆಯನ್ನು ಬಿಟ್ಟುಬಿಡುತ್ತಾರೆ. ಗ್ರಂಥ ಬರೆದ ಡ್ಯೂಕ್ 1415ರಲ್ಲಿ ಅಜಿನ್‌ಕೋರ್ಟ್ ಯುದ್ಧದಲ್ಲಿ ಮಡಿದ. ಅವನ ಹೆಸರು ಉಳಿಯಿತು. ನಾಯಿಗಳ ನಡುವೆ ಮಲಗಿ ನಿದ್ದೆಗೆಟ್ಟ ಹುಡುಗರ ಹೆಸರುಗಳು ನಮಗೆ ಬಂದಿಲ್ಲ.

ನಾಯಿಗಳ ಹೆಸರು ಬಂದಿದೆ! ಇಂಗ್ಲೆಂಡಿನ ಡಿಯರ್‌ಹರ್ಸ್ಟ್ ಎಂಬ ಹಳ್ಳಿಯ ಚರ್ಚಿನಲ್ಲಿ, ಸುಮಾರು 1400ರಲ್ಲಿ ಕೆತ್ತಿದ ಹಿತ್ತಾಳೆಯ ಸಮಾಧಿಫಲಕವೊಂದಿದೆ. ನ್ಯಾಯಾಧೀಶನಾಗಿದ್ದ ಸರ್ ಜಾನ್ ಕ್ಯಾಸಿ ಮತ್ತು ಅವನ ಹೆಂಡತಿ ಆಲಿಸ್ ಕೈಮುಗಿದು ನಿಂತಿದ್ದಾರೆ. ಆಲಿಸಳ ಉಡುಪಿನ ಅಂಚಿನಲ್ಲಿ, ಕೊರಳಿಗೆ ಗೆಜ್ಜೆ ಕಟ್ಟಿದ ಪುಟ್ಟ ನಾಯಿಯೊಂದಿದೆ. ಅದರ ಕೆಳಗೆ 'ಟೆರಿ' ಎಂದು ಹೆಸರು ಕೆತ್ತಿದ್ದಾರೆ. ಆ ಕಾಲದ ಸಮಾಧಿಗಳಲ್ಲಿ ಕಾಲ್ದೆಸೆಗೆ ನಾಯಿಯನ್ನು ಕಡೆಯುವುದು ವಾಡಿಕೆಯೇ. ಹೆಸರು ಬರೆದದ್ದು ತೀರ ಅಪರೂಪ.

ನಾಯಿಯ ಹೆಸರನ್ನು ಕಲ್ಲಿಗೆ ಹತ್ತಿಸುವ ಗೌರವದಲ್ಲಿ ಕನ್ನಡನಾಡು ಡಿಯರ್‌ಹರ್ಸ್ಟಿಗಿಂತ ನಾಲ್ಕೂವರೆ ಶತಮಾನ ಮುಂದಿತ್ತೆಂಬುದನ್ನು ಇಲ್ಲಿ ನೆನೆಯದೆ ಹೋಗಲಾಗದು. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ಬಲ್ಲವರು ಬಲ್ಲರು. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷ ವಹಿಸಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಆಳು ಮಣಲೇರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಅರಸನ 'ಕಾಳಿ' ಎಂಬ ನಾಯಿಯನ್ನು. ಬೆಳತೂರಿನ ಪಡುವಣ ಬೆಟ್ಟದಲ್ಲಿ ಕಾಳಿಯನ್ನು ಹಂದಿಯ ಮೇಲೆ ಬಿಟ್ಟಾಗ ಹಂದಿ ನಾಯಿಗಳೆರಡೂ ಸೆಣಸಿ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಕಾಳಿಯನ್ನು ಎಲ್ಲಿ ಮಲಗಿಸುತ್ತಿದ್ದನೆಂದು ಶಾಸನ ಹೇಳುವುದಿಲ್ಲ. ಕಾಳಿ ಕಾದಿ ಸತ್ತ ನಾಯಿ, ಟೆರಿ ಮಡಿಲಲ್ಲಿ ಬಾಳಿದ ನಾಯಿ. ಎರಡರ ಮಾನವೂ ಬೇರೆ ಬೇರೆ.

ಮಡಿಲ ನಾಯಿಗಳ ಮೇಲೆ ಗಟ್ಟಿಯಾಗಿ ಸಿಡುಕಿದವನು ಒಬ್ಬ ವೈದ್ಯ. ಕೇಂಬ್ರಿಜ್ಜಿನ ಕೀಸ್ ಕಾಲೇಜು ಇವನ ಹೆಸರಿನಿಂದಲೇ ಪ್ರಸಿದ್ಧ. ಜಾನ್ ಕೀಸ್ ಎಂದು ಹೆಸರು. ಇಂಗ್ಲೆಂಡಿನ ನಾಯಿಗಳನ್ನು ಕುರಿತು 1570ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಆರು ವರ್ಷಗಳ ನಂತರ ಅದು ಇಂಗ್ಲಿಷಿಗೂ ಬಂತು. ಸಿರಿವಂತ ಹೆಂಗಸರು ಪುಟ್ಟ ನಾಯಿಗಳಿಗೆ ಮೇಜಿನ ಮೇಲೆ ಊಟ, ಮಂಚದ ಮೇಲೆ ನಿದ್ದೆ ಕೊಟ್ಟು ಮುದ್ದಿಸುತ್ತಾರೆ, ತಿಳಿವಳಿಕೆಯುಳ್ಳ ಮಕ್ಕಳಿಗಿಂತ ತಿಳಿವಳಿಕೆಯಿಲ್ಲದ ನಾಯಿಗಳಲ್ಲಿ ಸುಖ ಕಾಣುತ್ತಾರೆ ಎಂದು ಅದರಲ್ಲಿ ಬೈದಿದೆ. ಬೈದವನೇ ಮುಂದುವರಿದು, ಇಂಥ ನಾಯಿಯನ್ನು ಹೊಟ್ಟೆಗೋ ಎದೆಗೋ ಅವಚಿಕೊಂಡರೆ ಹೊಟ್ಟೆನೋವು ಶಮನವಾಗುತ್ತದೆ, ರೋಗ ಮನುಷ್ಯನಿಂದ ನಾಯಿಗೆ ದಾಟುತ್ತದೆ ಎಂದೂ ಹೇಳುತ್ತಾನೆ. ರೋಗ ಹಾಗೆ ದಾಟುವುದಿಲ್ಲವೆಂದು ಈಗ ಗೊತ್ತಿದೆ; ನೋವಿನ ಹೊಟ್ಟೆಗೆ ಬಿಸುಪು ಹಿತವೆಂಬುದು ಮಾತ್ರ ಸುಳ್ಳಲ್ಲ. ಇಂದಿನ ವೈದ್ಯರಾದರೋ ಅಳೆದು ತೂಗಿ ಮಾತನಾಡುವವರು. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿಯನ್ನು ಜೊತೆಗಿಟ್ಟುಕೊಂಡು ಮಲಗುವ 40 ಜನರ ನಿದ್ದೆಯನ್ನು ಅಳೆದರು. ನಾಯಿ ಕೋಣೆಯ ಬೇರೆಡೆ ಮಲಗಿದರೆ ಹಾಸಿಗೆಯಲ್ಲಿ ಕಳೆದ ಹೊತ್ತಿನ ನೂರರಲ್ಲಿ 83 ಪಾಲು ನಿದ್ದೆ. ಹಾಸಿಗೆಯ ಮೇಲೆಯೇ ಮಲಗಿದರೆ 80 ಪಾಲು. ಕೀಸನ ಕೋಪಕ್ಕೂ ಈ ಮೂರು ಪಾಲಿಗೂ ಇರುವ ಅಂತರವನ್ನು ಕೇಳುಗರೇ ಎಣಿಸಿಕೊಳ್ಳಬಹುದು.

ಕೀಸ್ ಹೆಂಗಸರನ್ನು ಬೈದ. ನೂರು ವರ್ಷ ಕಳೆಯುವುದರೊಳಗೆ ಅದೇ ಚಾಳಿ ಗಂಡರಸನ ಅಂತಃಪುರವನ್ನು ಹೊಕ್ಕಿತು. ಎರಡನೆಯ ಚಾರ್ಲ್ಸ್ 1660ರಲ್ಲಿ ದೇಶಭ್ರಷ್ಟತೆಯಿಂದ ಮರಳಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ. ತಂದೆಯ ತಲೆ ಕಡಿದ ದೇಶ ಮಗನನ್ನು ಹೂ ಎರಚಿ ಬರಮಾಡಿಕೊಂಡಿತು. ಮೇ 25ರಂದು ಡೋವರ್ ತೀರಕ್ಕೆ ದೋಣಿಗಳು ಸಾಗುತ್ತಿದ್ದಾಗ ಅರಸನ ನಾಯಿಯೊಂದು ದೋಣಿಯಲ್ಲೇ ಹೇಸಿಗೆ ಮಾಡಿತು. ಜೊತೆಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಅದನ್ನು ಕಂಡು ನಕ್ಕು, ಅರಸನೂ ಅವನ ಪರಿವಾರವೂ ಮಿಕ್ಕವರಂತೆಯೇ ಎಂದು ತನಗೆ ಹೊಳೆಯಿತೆಂದು ದಿನಚರಿಯಲ್ಲಿ ಬರೆದುಕೊಂಡ. ದೊರೆತನದ ಮೇಲೆ ದಪ್ಪ ಗ್ರಂಥಗಳನ್ನು ಬರೆದವರಿಗೂ ಇಷ್ಟು ಸುಲಭವಾಗಿ ಈ ಜ್ಞಾನೋದಯವಾಗಿರಲಿಲ್ಲ! ಅದೇ ವರ್ಷದ ಬೇಸಗೆಯಲ್ಲಿ ಅರಸನ ನಾಯಿ ಕಳುವಾಗಿ, ಹುಡುಕಿಕೊಡಿರೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. 1667ರ ಸೆಪ್ಟೆಂಬರಿನಲ್ಲಿ ಪೀಪ್ಸ್ ಮಂತ್ರಾಲೋಚನೆಯ ಸಭೆಗೆ ಹೋದಾಗ, ಅರಸ ಕಾರ್ಯಭಾರಕ್ಕೆ ಗಮನ ಕೊಡದೆ ನಾಯಿಯೊಡನೆ ಆಡುತ್ತ ಕುಳಿತಿದ್ದ.

ಹಗಲು ಹೀಗಾದರೆ ರಾತ್ರಿ ಹೇಗೆ? ಅದನ್ನು ಇನ್ನೊಬ್ಬ ದಿನಚರಿಕಾರ ಜಾನ್ ಈವ್ಲಿನ್ ಹೇಳುತ್ತಾನೆ. 1685ರ ಫೆಬ್ರುವರಿಯಲ್ಲಿ ಅರಸ ತೀರಿಕೊಂಡಾಗ ಅವನ ಗುಣದೋಷಗಳನ್ನು ಬರೆಯುತ್ತ, ಸ್ಪ್ಯಾನಿಯಲ್ ನಾಯಿಗಳು ಶಯನಾಗಾರದಲ್ಲೇ ಮಲಗುತ್ತಿದ್ದುವೆಂದೂ, ಹೆಣ್ಣುನಾಯಿಗಳು ಅಲ್ಲಿಯೇ ಈದು ಮರಿಗಳಿಗೆ ಮೊಲೆಯೂಡುತ್ತಿದ್ದುವೆಂದೂ, ಇದರಿಂದ ಆಸ್ಥಾನವೆಲ್ಲ ದುರ್ನಾತ ಬೀರುತ್ತಿತ್ತೆಂದೂ ಮೂಗು ಮುಚ್ಚಿಕೊಂಡೇ ಬರೆದಿದ್ದಾನೆ. ಇದರ ನಡುವೆ ಬಂದ 1665ರ ಮಹಾಮಾರಿಯನ್ನೂ ಮರೆಯಬಾರದು. ಪ್ಲೇಗು ಲಂಡನ್ನನ್ನು ಹೊಕ್ಕಾಗ, ರೋಗ ಹರಡುವುವೆಂದು ಶಂಕಿಸಿ ನಾಯಿ ಬೆಕ್ಕುಗಳನ್ನು ಕೊಲ್ಲಲು ನಗರಾಡಳಿತ ಆಜ್ಞೆ ಹೊರಡಿಸಿತು; ಕೊಲ್ಲುವವರಿಗೆ ಹಣ ಸಂದಾಯವಾಯಿತು. ಆಸ್ಥಾನ ಅಷ್ಟರಲ್ಲಿ ಊರು ಬಿಟ್ಟಿತ್ತು. ಬೀದಿಯ ನಾಯಿಗೆ ದೊಣ್ಣೆ, ಬಡವನ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯ ಗುರುತು. ರೋಗ ತಂದದ್ದು ಇಲಿಯ ಮೈಮೇಲಿನ ಚಿಗಟವೆಂದು ಲೋಕ ಅರಿಯಲು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಈ ಪಟ್ಟಿಯನ್ನು ಎಷ್ಟಾದರೂ ಬೆಳೆಸಬಹುದು. 1901ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಕೊನೆಯುಸಿರೆಳೆಯುವ ಹೊತ್ತಿಗೆ ಟೂರಿ ಎಂಬ ಪೊಮೆರೇನಿಯನ್ ನಾಯಿಯನ್ನು ಅವಳ ಹಾಸಿಗೆಯ ಮೇಲೆ ತಂದು ಬಿಟ್ಟಿದ್ದರು. ಇರಲಿ. ಒಬ್ಬ ಅರಸನ ಬಳಿ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಅವನು ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್. 'ಮಹಾ' ಎಂಬ ಬಿರುದಿನಿಂದ ಚರಿತ್ರೆ ಅವನನ್ನು ಕರೆಯುತ್ತದೆ.

1712ರಲ್ಲಿ ಹುಟ್ಟಿದ ಈ ರಾಜಕುಮಾರನಿಗೆ ಕೊಳಲು, ಪುಸ್ತಕ, ಫ್ರೆಂಚ್ ಭಾಷೆ ಎಂದರೆ ಪ್ರಾಣ. ತಂದೆ ಫ್ರೆಡರಿಕ್ ವಿಲಿಯಮ್ಮನಿಗೆ ಸೈನ್ಯವೊಂದೇ ಲೋಕ. ಮಗನನ್ನು ಪರಿವಾರದವರೆದುರಿಗೇ ಹೊಡೆಯುತ್ತಿದ್ದ. ಹದಿನೆಂಟರ ವಯಸ್ಸಿನಲ್ಲಿ ಮಗ ದೇಶ ಬಿಟ್ಟು ಓಡಿಹೋಗಲು ಹವಣಿಸಿ ಸಿಕ್ಕಿಬಿದ್ದ. ನೆರವಾಗಿದ್ದ ಗೆಳೆಯ ಕಾಟೆ ಎಂಬ ತರುಣ ಅಧಿಕಾರಿಯನ್ನು 1730ರ ನವೆಂಬರ್ 6ರಂದು ಕ್ಯೂಸ್ಟ್ರಿನ್ ಕೋಟೆಯಲ್ಲಿ ಶಿರಚ್ಛೇದ ಮಾಡಿಸಿದರು. ಕಿಟಕಿಯ ಬಳಿ ನಿಂತು ನೋಡಬೇಕೆಂದು ರಾಜಕುಮಾರನಿಗೆ ಕಟ್ಟಪ್ಪಣೆಯಾಗಿತ್ತು. ಮೂರು ವರ್ಷದ ನಂತರ, ತಂದೆ ಗೊತ್ತು ಮಾಡಿದ ಎಲಿಸಬೆತ್ ಕ್ರಿಸ್ಟೀನ್ ಎಂಬ ಕನ್ಯೆಯೊಡನೆ ಮದುವೆ. 1740ರಲ್ಲಿ ತಾನೇ ಅರಸನಾದ ಮೇಲೆ ಅವಳನ್ನು ಬರ್ಲಿನ್ನಿನ ಹತ್ತಿರದ ಬೇರೊಂದು ಅರಮನೆಯಲ್ಲಿ ಗೌರವದಿಂದ ಇರಿಸಿ, ತಾನು ದೂರವಾದ. ಪಾಟ್ಸ್‌ಡಾಮಿನಲ್ಲಿ ದ್ರಾಕ್ಷಿಯ ತೋಟದ ಮೆಟ್ಟಿಲುಗಳ ಮೇಲೆ 1745ರಿಂದ 1747ರವರೆಗೆ ಅವನು ಕಟ್ಟಿಸಿಕೊಂಡ ಒಂದೇ ಅಂತಸ್ತಿನ ಚಿಕ್ಕ ಅರಮನೆಗೆ 'ಸಾನ್‌ಸೂಸಿ' ಎಂದು ಹೆಸರು. ಚಿಂತೆಯಿಲ್ಲದ ತಾಣ ಎಂದು ಅರ್ಥ. ಅಲ್ಲಿಗೆ ವಾಲ್ಟೇರ್ ಬಂದ, ಸಂಗೀತಗಾರರು ಬಂದರು, ದಂಡನಾಯಕರು ಬಂದರು. ರಾಣಿಗೆ ಅಲ್ಲಿ ಜಾಗವಿರಲಿಲ್ಲ.

ಜಾಗವಿದ್ದುದು ನಾಯಿಗಳಿಗೆ. ತೆಳು ಮೈಯ, ನೀಳ ಕಾಲಿನ, ಬಹು ಬೇಗ ಚಳಿ ಹತ್ತುವ ಇಟಾಲಿಯನ್ ಗ್ರೇಹೌಂಡುಗಳು. ರೇಷ್ಮೆಯ ಆಸನಗಳನ್ನು ಅವು ಹರಿದು ಹಾಕಿದರೂ ಗದರಿಸುವಂತಿಲ್ಲ. ಇವುಗಳಲ್ಲಿ ಒಂದು ಅರಸನ ಅಚ್ಚುಮೆಚ್ಚಿನದಾಗಿ ಹಗಲು ಅವನ ಪಕ್ಕದ ಆಸನದಲ್ಲಿಯೂ, ರಾತ್ರಿ ಅವನ ಹಾಸಿಗೆಯಲ್ಲಿಯೂ ಇರುತ್ತಿತ್ತು. ಬಿಶ್ ಎಂಬ ಹೆಣ್ಣುನಾಯಿ ದಂಡಯಾತ್ರೆಗೂ ಹೋಗುತ್ತಿತ್ತು. 1745ರ ಸೆಪ್ಟೆಂಬರ್ 30ರಂದು ಸೂರ್ ಎಂಬಲ್ಲಿ ಫ್ರೆಡರಿಕ್ ಆಸ್ಟ್ರಿಯದವರನ್ನು ಸೋಲಿಸುತ್ತಿದ್ದಾಗಲೇ, ಶತ್ರುವಿನ ಕುದುರೆಯಾಳುಗಳು ಹಿಂದಿನಿಂದ ಅವನ ಬಿಡಾರಕ್ಕೆ ನುಗ್ಗಿ ಪುಸ್ತಕ, ನಶ್ಯದ ಡಬ್ಬಿಗಳ ಜೊತೆಗೆ ಬಿಶ್‌ಳನ್ನೂ ಹೊತ್ತೊಯ್ದರು. ನಂತರ ಅದನ್ನು ಹಿಂದಿರುಗಿಸಿದರು. ಬಿಶ್‌ಳ ಹೆಸರಿನಲ್ಲಿ ಅರಸನೂ, ಫೊಲಿಶೋನ್ ಎಂಬ ತನ್ನ ನಾಯಿಯ ಹೆಸರಿನಲ್ಲಿ ಅವನ ಅಕ್ಕ ವಿಲ್ಹೆಲ್ಮಿನಾಳೂ ಪರಸ್ಪರ ಓಲೆ ಬರೆದುಕೊಂಡದ್ದುಂಟು. 1752ರ ಕೊನೆಯಲ್ಲಿ ಬಿಶ್ ಸತ್ತಾಗ, ಅಕ್ಕನಿಗೆ ಬರೆದ ಪತ್ರದಲ್ಲಿ ಅವನ ವಿನೋದವೆಲ್ಲ ಉಡುಗಿದೆ. ನಾಯಿಯೊಂದರ ಸಾವು ತನ್ನನ್ನು ಇಷ್ಟು ಕಲಕಿದ್ದಕ್ಕೆ ಅವನಿಗೆ ನಾಚಿಕೆ. ಆದರೆ ತೀರಿಹೋದ ಗೆಳೆಯರೆಲ್ಲರ ನೆನಪು ಅದರೊಂದಿಗೆ ಮತ್ತೆ ಎದ್ದು ಬಂತೆಂದು ತೋಡಿಕೊಂಡಿದ್ದಾನೆ. ಕ್ಯೂಸ್ಟ್ರಿನ್ನಿನ ಕಿಟಕಿಯನ್ನು ಬಲ್ಲವರು ಈ ಮಾತನ್ನು ಅತಿರೇಕವೆನ್ನಲಾರರು.

ಇದೇ ಅರಸ ಏಳು ವರ್ಷಗಳ ಯುದ್ಧವನ್ನು ಮುಗಿಸಿ 1763ರಲ್ಲಿ ಮರಳಿದಾಗ, ಅಷ್ಟು ಕಾಲದ ನಂತರ ಕಂಡ ಹೆಂಡತಿಗೆ, ತಾವು ದಪ್ಪಗಾಗಿದ್ದೀರಿ ಎಂದಷ್ಟೇ ಹೇಳಿ ಮುಂದೆ ಹೋದನಂತೆ.

ಇನ್ನೊಂದು ಪ್ರತೀತಿಯಿದೆ; ಕನ್ನಡಿಗರಿಗೆ ಅದರ ಸ್ವಾರಸ್ಯ ವಿವರಿಸದೆಯೇ ತಿಳಿದೀತು. ಅರಸನ ನಾಯಿಗಳು ಪಾಟ್ಸ್‌ಡಾಮಿನಿಂದ ಬರ್ಲಿನ್ನಿಗೆ ಆರು ಕುದುರೆಯ ಸಾರೋಟಿನಲ್ಲಿ ಹೋಗುತ್ತಿದ್ದುವಂತೆ. ಹಿರಿಯ ಪೀಠದಲ್ಲಿ ನಾಯಿಗಳು, ಎದುರಿನ ಕಿರಿಯ ಪೀಠದಲ್ಲಿ ಊಳಿಗದವನು. ಅವನು ನಾಯಿಗಳನ್ನು ಬಹುವಚನದಲ್ಲೇ ಮಾತನಾಡಿಸಬೇಕು. ಗಲಾಟೆ ಮಾಡಬೇಡಿ, ದಯವಿಟ್ಟು ಸುಮ್ಮನಿರಿ ಎನ್ನಬೇಕು. ಅದೇ ಊಳಿಗದವನನ್ನು ಅರಸ ಕರೆಯುತ್ತಿದ್ದುದಾದರೋ ಕೀಳಂತಸ್ತಿನವರಿಗೆಂದೇ ಆಗಿನ ಜರ್ಮನ್ ಭಾಷೆಯಲ್ಲಿ ಮೀಸಲಾಗಿದ್ದ ಸಂಬೋಧನೆಯಿಂದ. ಹಾಸಿಗೆಯಲ್ಲಿದ್ದ ಮೇಲು ಕೀಳು ನಾಲಗೆಗೂ ಬಂದಿತ್ತು.

ಫ್ರೆಡರಿಕ್‌ನನ್ನು ಇಷ್ಟರಿಂದಲೇ ಕಲ್ಲೆದೆಯವನೆಂದು ತೀರ್ಪು ಕೊಡುವುದು ನನಗೆ ಒಪ್ಪಿತವಲ್ಲ. ಮನುಷ್ಯರ ಕೈಯಲ್ಲಿ ಎಳೆಯ ವಯಸ್ಸಿನಲ್ಲೇ ಬೆಂದವನು, ಮನುಷ್ಯರನ್ನು ಆಳುವುದನ್ನು ಕಲಿತ, ನಂಬುವುದನ್ನು ಕಲಿಯಲಿಲ್ಲ. ನಿದ್ದೆಯೆಂದರೆ ಆಯುಧ ಕೆಳಗಿಟ್ಟು ಕಣ್ಣು ಮುಚ್ಚುವುದು. ಯಾರ ಪಕ್ಕದಲ್ಲಿ ಹಾಗೆ ಮುಚ್ಚಬಹುದೆಂದು ಅವನಿಗೆ ತೋರಿತೋ ಅವರನ್ನು ಮಂಚಕ್ಕೆ ಕರೆದ. ಆದರೆ ಅವನ ಮಂಚದ ಸುತ್ತ ಬೇರೆ ಜನರೂ ಇದ್ದರೆಂಬುದನ್ನು ಅವನ ಕೊನೆಯ ರಾತ್ರಿ ತೋರಿಸುತ್ತದೆ.

1786ರ ಆಗಸ್ಟ್ 16ರ ರಾತ್ರಿ. ಎಪ್ಪತ್ತನಾಲ್ಕರ ಅರಸ ಜಲೋದರ, ಉಬ್ಬಸಗಳಿಂದ ಮಲಗಲಾರದೆ ಸಾನ್‌ಸೂಸಿಯ ತನ್ನ ಕೋಣೆಯಲ್ಲಿ ಕುರ್ಚಿಯ ಮೇಲೆ ಒರಗಿದ್ದ. ಪಕ್ಕದ ಪೀಠದಲ್ಲಿದ್ದ ನಾಯಿ ಚಳಿಗೆ ನಡುಗುತ್ತಿತ್ತು. ಅದನ್ನು ಕಂಡು, ಅದಕ್ಕೆ ದುಪ್ಪಟಿ ಹೊದಿಸಿರೆಂದು ಅಪ್ಪಣೆ ಮಾಡಿದ. ಹೊದಿಸಿದರು. ರಾತ್ರಿ ಏರಿದಂತೆ ಅರಸ ಕುರ್ಚಿಯಲ್ಲಿ ಕುಸಿಯತೊಡಗಿದ. ಕುಸಿದರೆ ಉಸಿರು ಕಟ್ಟುವುದು. ಸ್ಟ್ರುಟ್ಸ್ಕಿ ಎಂಬ ಊಳಿಗದವನು ಮೊಣಕಾಲೂರಿ ಕುಳಿತು, ಅರಸನ ಕೈಯನ್ನು ತನ್ನ ಕೊರಳಿಗೆ ಹಾಕಿಕೊಂಡು, ಬೆನ್ನಿಗೆ ತೋಳು ಕೊಟ್ಟು ಎತ್ತಿ ಹಿಡಿದ. ಎರಡು ಗಂಟೆಗೂ ಹೆಚ್ಚು ಕಾಲ ಹಾಗೆಯೇ ಅಲುಗದೆ ಇದ್ದ. ಬೆಳಗಿನ ಜಾವ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಉಸಿರು ನಿಂತಿತು. ಹೆಂಡತಿ ಬಳಿಯಲ್ಲಿರಲಿಲ್ಲ, ಮಕ್ಕಳು ಹುಟ್ಟಿರಲಿಲ್ಲ. ಅರಸ ತನ್ನ ಕೊನೆಯ ನಿದ್ದೆಗೆ ಒರಗಿದ್ದು ಆ ಆಳಿನ ಹೆಗಲಿಗೆ.

ತನ್ನನ್ನು ಸಾನ್‌ಸೂಸಿಯಲ್ಲಿಯೇ, ಆಡಂಬರವಿಲ್ಲದೆ, ರಾತ್ರಿಯ ಹೊತ್ತು ಹೂಳಬೇಕೆಂದು ಅವನು ಮರಣಶಾಸನದಲ್ಲಿ ಬರೆದಿಟ್ಟಿದ್ದ. ಅದಕ್ಕಾಗಿ 1744ರಲ್ಲಿಯೇ ಮೇಲಿನ ಜಗಲಿಯಲ್ಲಿ ನೆಲಮಾಳಿಗೆಯ ಸಮಾಧಿ ಸಿದ್ಧವಾಗಿತ್ತು; ಅದರ ಬಳಿಯಲ್ಲೇ ಅವನ ನಾಯಿಗಳನ್ನು ಒಂದೊಂದಾಗಿ ಹೂತು ಕಲ್ಲುಚಪ್ಪಡಿ ಇಡಿಸಿದ್ದ. ಪಟ್ಟಕ್ಕೆ ಬಂದ ತಮ್ಮನ ಮಗನಿಗೆ ಇದು ರಾಜವಂಶಕ್ಕೆ ಅಗೌರವವಾಗಿ ಕಂಡಿತು. ದೊಡ್ಡಪ್ಪನನ್ನು ಪಾಟ್ಸ್‌ಡಾಮಿನ ಗ್ಯಾರಿಸನ್ ಚರ್ಚಿನಲ್ಲಿ ಮಲಗಿಸಿದ. ಅದೂ ಯಾರ ಪಕ್ಕದಲ್ಲಿ? ಕಾಟೆಯ ತಲೆ ತೆಗೆಸಿದ ತಂದೆಯ ಪಕ್ಕದಲ್ಲಿ! ಎರಡನೆಯ ಮಹಾಯುದ್ಧದ ಕಾಲಕ್ಕೆ ಶವಪೆಟ್ಟಿಗೆಯನ್ನು ಅಲ್ಲಿಂದ ತೆಗೆದು, ಕೊನೆಗೆ ತುರಿಂಗಿಯದ ಉಪ್ಪಿನ ಗಣಿಯೊಂದರಲ್ಲಿ ಬಚ್ಚಿಟ್ಟರು. 1945ರಲ್ಲಿ ಅಮೆರಿಕದ ಸೈನಿಕರಿಗೆ ಅದು ಸಿಕ್ಕಿತು. ಮುಂದೆ ಮಾರ್‌ಬುರ್ಗಿನ ಚರ್ಚು, ಆಮೇಲೆ ಹೋಹೆನ್‌ಜೊಲರ್ನ್ ಕೋಟೆ. ಎರಡು ಜರ್ಮನಿಗಳೂ ಒಂದಾದ ಮರುವರ್ಷ, 1991ರ ಆಗಸ್ಟ್ 17ರಂದು, ಸತ್ತು 205 ವರ್ಷ ತುಂಬಿದ ದಿನ, ರಾತ್ರಿಯ ಹೊತ್ತಿನಲ್ಲೇ ಅವನನ್ನು ಸಾನ್‌ಸೂಸಿಯ ಆ ಸಮಾಧಿಗೆ ಇಳಿಸಿದರು. ಸಾದಾ ಕಲ್ಲು, ಹೆಸರು ಮಾತ್ರ. ಪ್ರಷ್ಯದ ರೈತರು ಆಲೂಗಡ್ಡೆ ಬೆಳೆಯುವಂತೆ ಆಜ್ಞೆ ಹೊರಡಿಸಿದವನೆಂಬ ನೆನಪಿಗೆ, ನೋಡಲು ಹೋದವರು ಅದರ ಮೇಲೆ ಆಲೂಗಡ್ಡೆಗಳನ್ನಿಟ್ಟು ಬರುತ್ತಾರೆ. ಮಗ್ಗುಲಲ್ಲಿ ನಾಯಿಗಳ ಚಪ್ಪಡಿಗಳ ಸಾಲು.